ಬೀದರ್ ಎಳೆದರೆ ಚಾಮರಾಜನಗರ ಯಾಕೆ ಹಾರುತ್ತೆ? ಲಿನಕ್ಸ್‌ನಲ್ಲಿ ಹತ್ತು ಬೆರಳು ಓಡಿಸಿದ ಕಥೆ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸ್ಟಾಲ್‌ನಲ್ಲಿ ಏನಿಡೋದು ಅಂತ ಕ್ಯಾಂಟೀನ್‌ನಲ್ಲಿ ಚರ್ಚೆ ನಡೆದಿತ್ತು. ಭುವನೇಶ್ವರಿ ಚಿತ್ರ, ಸಾಹಿತಿಗಳ ಪೋಸ್ಟರ್, ರಸಪ್ರಶ್ನೆ ಎಲ್ಲ ಪ್ರತಿವರ್ಷದ್ದೇ. ಈ ಸಲ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳು ಬರ್ತಾರೆ, ಅವರು ಕೈಯಲ್ಲಿ ಮುಟ್ಟಿ ಆಡುವಂಥದ್ದು ಬೇಕು ಅಂತಾಯ್ತು. ಹೀಗೆ ಹುಟ್ಟಿದ್ದು ಕರ್ನಾಟಕ ನಕ್ಷೆಯ ಜೋಡಣೆ ಆಟ. 31 ಜಿಲ್ಲೆ, 31 ತುಂಡು. ದೊಡ್ಡ ಟಚ್ ಪರದೆಯನ್ನು ಮೇಜಿನ ಮೇಲೆ ಮಲಗಿಸಿ ಇಡೋದು, ಸುತ್ತ ನಾಲ್ಕೈದು ಮಕ್ಕಳು ನಿಂತು ಒಟ್ಟಿಗೇ ತುಂಡುಗಳನ್ನು ಎಳೆದು ಜಾಗಕ್ಕೆ ಕೂರಿಸೋದು. ಸೆಕೆಂಡ್ ಇಯರ್ ಹುಡುಗನೊಬ್ಬ ಎರಡೇ ದಿನದಲ್ಲಿ ಪೈಥಾನ್ ಮತ್ತು ಕ್ಯೂಟಿ ಹಾಕಿ ಆಟ ಬರೆದುಬಿಟ್ಟ. ಮೌಸ್‌ನಲ್ಲಿ ಬೆಣ್ಣೆಯ ಹಾಗೆ ಓಡ್ತಿತ್ತು.

ಟಚ್ ಪರದೆಗೆ ಹಾಕಿದ ದಿನ ಸಂಜೆ ಅವನದ್ದೇ ಫೋನ್: "ಅಣ್ಣಾ, ಒಂದೇ ಬೆರಳು ತಗೋತಿದೆ. ಎರಡನೆಯವರು ಮುಟ್ಟಿದ್ರೆ ಸತ್ತ ಹಾಗೆ ಬಿದ್ದಿರುತ್ತೆ."

ಅಲ್ಲಿಂದ ಒಂದು ವಾರ ನಾವು ಕಲಿತದ್ದನ್ನು ಇಲ್ಲಿ ಬರೀತಿದ್ದೇನೆ. ಯಾಕಂದ್ರೆ ನಮ್ಮ ಕಾಲೇಜಲ್ಲಿ ಪ್ರತಿ ಸೆಮಿಸ್ಟರ್‌ನಲ್ಲೂ ಯಾರಾದರೊಬ್ಬರು ಲಿನಕ್ಸ್ ಮೇಲೆ ಕಿಯೋಸ್ಕ್, ಡಿಜಿಟಲ್ ಬೋರ್ಡ್, ಇನ್ನೇನೋ ಪ್ರಾಜೆಕ್ಟ್ ಮಾಡ್ತಾರೆ, ಇದೇ ಹಳ್ಳಕ್ಕೆ ಬೀಳ್ತಾರೆ, ಕೊನೆಗೆ "ಲಿನಕ್ಸ್‌ನಲ್ಲಿ ಮಲ್ಟಿಟಚ್ ಬರಲ್ಲ ಮಗಾ" ಅಂತ ತೀರ್ಪು ಕೊಟ್ಟು ವಿಂಡೋಸ್ ಹಾಕ್ತಾರೆ. ಬರುತ್ತೆ. ಬೆರಳು ಗಾಜಿನಿಂದ ನಿಮ್ಮ ಪ್ರೋಗ್ರಾಮಿನವರೆಗೆ ಐದಾರು ಕೈ ದಾಟಿ ಬರುತ್ತೆ. ಯಾವುದೋ ಒಂದು ಕೈಯಲ್ಲಿ ಅದು ತನ್ನ ಗುರುತು ಕಳೆದುಕೊಂಡು ಬರೀ "ಮೌಸ್" ಆಗಿಬಿಡುತ್ತೆ. ಎಲ್ಲಿ ಕಳೆದುಹೋಯ್ತು ಅಂತ ಕೆಳಗಿನಿಂದ ಹುಡುಕಬೇಕು. ನಾವು ಮೇಲಿನಿಂದ, ಅಂದರೆ ನಮ್ಮ ಕೋಡ್‌ನಿಂದ ಹುಡುಕೋಕೆ ಶುರು ಮಾಡಿ ಎರಡು ರಾತ್ರಿ ಹಾಳು ಮಾಡಿಕೊಂಡೆವು.

(ಕಮ್ಯಾಂಡುಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ಗೆ ಮಾತ್ರ ಇಂಗ್ಲಿಷ್‌ನಲ್ಲೇ ಹೊಡೀರಿ, ಅದಕ್ಕಿನ್ನೂ ಕನ್ನಡ ಬರಲ್ಲ.)

ಮೊದಲು ಗಾಜು. ನಮ್ಮ ಮೊದಲ ಪರದೆ ಬನಶಂಕರಿಯಲ್ಲಿ ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್‌ನದ್ದು, ಅಗ್ಗಕ್ಕೆ ಸಿಕ್ಕಿತ್ತು. ಅದು ರೆಸಿಸ್ಟಿವ್ ಪರದೆ. ಎರಡು ವಾಹಕ ಪದರಗಳ ನಡುವೆ ಸಣ್ಣ ಅಂತರ. ಒತ್ತಿದಾಗ ಎರಡೂ ತಾಗುತ್ತವೆ, ತಾಗಿದ ಜಾಗದ ವೋಲ್ಟೇಜ್ ಅಳೆದರೆ ಎಕ್ಸ್, ಇನ್ನೊಂದು ದಿಕ್ಕಿನಲ್ಲಿ ಅಳೆದರೆ ವೈ. ಫಸ್ಟ್ ಇಯರ್‌ನಲ್ಲಿ ಓದಿದ ವೋಲ್ಟೇಜ್ ಡಿವೈಡರ್, ಅಷ್ಟೇ. ಎರಡು ಕಡೆ ಒತ್ತಿದರೆ ಏನಾಗುತ್ತೆ? ಸರ್ಕ್ಯೂಟಿಗೆ ಎರಡು ಉತ್ತರ ಕೊಡೋಕೆ ಬಾಯೇ ಇಲ್ಲ. ಎರಡರ ಮಧ್ಯೆ ಎಲ್ಲೋ ಒಂದು ಬಿಂದು ಕೊಡುತ್ತೆ. ಒಬ್ಬ ಬೀದರ್ ಒತ್ತಿ ಇನ್ನೊಬ್ಬ ಚಾಮರಾಜನಗರ ಒತ್ತಿದರೆ ಕಂಪ್ಯೂಟರ್ ಪಾಲಿಗೆ ಯಾರೋ ಬಳ್ಳಾರಿ ಹತ್ತಿರ ಒತ್ತಿದ ಹಾಗೆ.

ಒಂದು ಕಾಲಕ್ಕೆ ಇದೇ ಸಾಕಾಗಿತ್ತು. ಲಿನಕ್ಸ್ ಮೇಲೆ ಟಚ್ ಅಂದ ತಕ್ಷಣ ನಮ್ಮ ಊರಿನವರು ನೆನೆಸಿಕೊಳ್ಳಬೇಕಾದ್ದು ಸಿಂಪ್ಯೂಟರ್. ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ ವಿನ್ಯಾಸ ಮಾಡಿದ ಕೈಗಣಕ ಅದು. 2001ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದರ ಸುದ್ದಿ. 2004ರಲ್ಲಿ ಪಿಕೋಪೆಟಾ ಕಂಪನಿ ಬಿಇಎಲ್ ಜೊತೆ ಸೇರಿ 'ಅಮಿದಾ' ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂತು. ಒಳಗೆ ಲಿನಕ್ಸ್, ಮೇಲೆ ಸ್ಟೈಲಸ್ ಕಡ್ಡಿಯಿಂದ ಒತ್ತುವ ಪರದೆ. ಐಫೋನ್ ಬರೋಕೆ ಇನ್ನೂ ಮೂರು ವರ್ಷ ಇತ್ತು! ಆದರೆ ಒಂದು ಕಡ್ಡಿ ಅಂದ್ರೆ ಒಂದು ಬಿಂದು. ಆಗಿನ ಇಡೀ ಲೋಕದ ಟಚ್ ಹಾಗೇ ಇತ್ತು, ಸಾಫ್ಟ್‌ವೇರೂ ಅದಕ್ಕೆ ತಕ್ಕಂತೆ "ಕೊಂಡಿ ಒಂದೇ, ಬಾಣ ಒಂದೇ" ಅಂತ ನಂಬಿ ಕೂತಿತ್ತು. ಮಲ್ಟಿಟಚ್‌ನ ತಲೆನೋವೆಲ್ಲ ಆ ನಂಬಿಕೆಯನ್ನು ಪದರ ಪದರವಾಗಿ ಕಿತ್ತು ಹಾಕುವ ತಲೆನೋವು.

ಈಗಿನ ಫೋನ್, ಲ್ಯಾಪ್‌ಟಾಪ್‌ಗಳ ಕೆಪ್ಯಾಸಿಟಿವ್ ಗಾಜಿನಲ್ಲಿ ಅಡ್ಡ ಗೆರೆ, ಉದ್ದ ಗೆರೆಗಳ ಜಾಲ ಇರುತ್ತೆ. ಒಂದೊಂದೇ ಅಡ್ಡ ಗೆರೆಗೆ ಸಿಗ್ನಲ್ ಕೊಟ್ಟು ಪ್ರತಿ ಉದ್ದ ಗೆರೆಯಲ್ಲಿ ಎಷ್ಟು ಬಂತು ಅಂತ ಅಳೀತಾರೆ. ಬೆರಳು ಇದ್ದ ಕಡೆ ಸ್ವಲ್ಪ ಕಮ್ಮಿ. ಹೀಗೆ ಪ್ರತಿಯೊಂದು ಕೂಡುಬಿಂದುವನ್ನೂ ಬೇರೆ ಬೇರೆಯಾಗಿ ನೋಡೋದರಿಂದ ಹತ್ತು ಬೆರಳು ಇಟ್ಟರೂ ಹತ್ತೂ ಕಾಣುತ್ತೆ. ಅಡ್ಡ ಗೆರೆಗಳನ್ನು ಬೇರೆ, ಉದ್ದ ಗೆರೆಗಳನ್ನು ಬೇರೆ ಅಳೆದು ಸುಮ್ಮನಾಗುವ ಅಗ್ಗದ ವಿಧಾನವೂ ಇದೆ. ಅದರಲ್ಲಿ ಎರಡು ಬೆರಳಿಗೆ ಎರಡು ಎಕ್ಸ್, ಎರಡು ವೈ ಸಿಗುತ್ತೆ, ನಾಲ್ಕು ಕೂಡುಬಿಂದು. ಅದರಲ್ಲಿ ಎರಡು ನಿಜ, ಎರಡು ದೆವ್ವ. ಟಿವಿಗೆ ಸುತ್ತ ಕಟ್ಟುವ ಅಗ್ಗದ ಇನ್‌ಫ್ರಾರೆಡ್ ಚೌಕಟ್ಟುಗಳಲ್ಲೂ ಇದೇ ದೆವ್ವದ ಕಾಟ ಇರುತ್ತೆ. ಕೊಳ್ಳೋ ಮುಂಚೆ ಎಷ್ಟು ಬೆರಳು ಅಂತ ಕೇಳಿ, ಕೇಳಿದ್ದನ್ನು ನಂಬದೆ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. 'ಇವಿಟೆಸ್ಟ್' ಅನ್ನೋ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ, ಸುಡೋ ಕೊಟ್ಟು ಓಡಿಸಿ, ಪಟ್ಟಿಯಲ್ಲಿ ನಿಮ್ಮ ಪರದೆಯ ನಂಬರ್ ಆರಿಸಿ. ಕರ್ನಲ್ ಆ ಸಾಧನದ ಬಗ್ಗೆ ಏನು ತಿಳಿದುಕೊಂಡಿದೆ ಅಂತ ಎಲ್ಲ ಹೇಳುತ್ತೆ. 'ಎಂಟಿ ಸ್ಲಾಟ್' ಅನ್ನೋ ಸಾಲು ಇದೆಯಾ ನೋಡಿ, ಅದರ ಗರಿಷ್ಠ 9 ಅಂತಿದ್ದರೆ ಸೊನ್ನೆಯಿಂದ ಎಣಿಸಿ ಹತ್ತು ಬೆರಳು. ನಮ್ಮ ಬಿಲ್ಲಿಂಗ್ ಪರದೆಯಲ್ಲಿ ಆ ಸಾಲೇ ಇರಲಿಲ್ಲ, ಬರೀ ಎಕ್ಸ್, ವೈ. ಅಲ್ಲಿಗೆ ಅದರ ಕಥೆ ಮುಗೀತು. ಎರಡು ರಾತ್ರಿ ಕೋಡ್ ತಿದ್ದಿದ್ದು ಗೋವಿಂದ! ಲ್ಯಾಬ್‌ನಿಂದ ಕಾಡಿ ಬೇಡಿ ಒಂದು ಕೆಪ್ಯಾಸಿಟಿವ್ ಮಾನಿಟರ್ ತಂದೆವು, ಹತ್ತು ಸ್ಲಾಟ್ ಇದ್ದದ್ದು. (ಪ್ರತಿಸಲ ಸುಡೋ ಹೊಡೆಯೋಕೆ ಬೇಜಾರು ಅಂತ ನಿಮ್ಮನ್ನು 'ಇನ್‌ಪುಟ್' ಗುಂಪಿಗೆ ಸೇರಿಸಿಕೊಳ್ಳಬೇಡಿ. ಆಮೇಲೆ ನೀವು ಓಡಿಸುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಕೀಬೋರ್ಡನ್ನು, ಪಾಸ್‌ವರ್ಡ್ ಸಮೇತ, ಓದಬಹುದು.)

ಈ ಸ್ಲಾಟ್ ಅಂದ್ರೇನು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ಅರ್ಥವಾದ ಹಾಗೆ.

ಜಯನಗರ 4ನೇ ಬ್ಲಾಕ್‌ನಲ್ಲಿ ಕೂತು ತಿನ್ನುವ ಯಾವುದಾದರೂ ಹೋಟೆಲ್ ನೆನೆಸಿಕೊಳ್ಳಿ. ಟೇಬಲ್‌ಗಳಿಗೆ ನಂಬರ್ ಇದೆ. ಗಿರಾಕಿ ಬಂದು ಕೂತ ತಕ್ಷಣ ಸಪ್ಲೈಯರ್ ಹೊಸ ಬಿಲ್ ತೆಗೀತಾನೆ, ಅದಕ್ಕೊಂದು ಬಿಲ್ ನಂಬರ್. ಆಮೇಲೆ ಅಡುಗೆಮನೆಗೆ ಕೂಗುವಾಗ "ಒಂದನೇ ಟೇಬಲ್ ಇನ್ನೊಂದು ಕಾಫಿ" ಅಂತಾನೆ. ಅಲ್ಲಿಯವರೆಗೆ ತಿಂದದ್ದನ್ನೆಲ್ಲ ಮತ್ತೆ ಓದಲ್ಲ, ಬದಲಾದದ್ದು ಮಾತ್ರ. ಗಿರಾಕಿ ಎದ್ದರೆ ಬಿಲ್ ಕ್ಲೋಸ್, ಟೇಬಲ್ ಖಾಲಿ. ಅದೇ ಟೇಬಲ್‌ಗೆ ಇನ್ನೊಬ್ಬರು ಬಂದರೆ ಹೊಸ ಬಿಲ್ ನಂಬರ್.

ಲಿನಕ್ಸ್ ಕರ್ನಲ್ ಬೆರಳುಗಳ ಲೆಕ್ಕ ಇಡೋದು ಹೀಗೇ. ಸ್ಲಾಟ್ ಅಂದ್ರೆ ಟೇಬಲ್ ನಂಬರ್, ಟ್ರ್ಯಾಕಿಂಗ್ ಐಡಿ ಅಂದ್ರೆ ಬಿಲ್ ನಂಬರ್. ಬೆರಳು ಇಟ್ಟಾಗ "ಸ್ಲಾಟ್ 0, ಟ್ರ್ಯಾಕಿಂಗ್ ಐಡಿ 45, ಎಕ್ಸ್ ಇಷ್ಟು, ವೈ ಇಷ್ಟು" ಅಂತ ಬರುತ್ತೆ. ಎರಡನೇ ಬೆರಳು ಇಟ್ಟರೆ "ಸ್ಲಾಟ್ 1, ಟ್ರ್ಯಾಕಿಂಗ್ ಐಡಿ 46". ಒಂದು ಕ್ಷಣದ ಸುದ್ದಿಯೆಲ್ಲ ಮುಗಿದಾಗ 'ಸಿನ್ ರಿಪೋರ್ಟ್' ಅನ್ನೋ ಪೂರ್ಣವಿರಾಮ. ಮೊದಲನೇ ಬೆರಳು ಅಲ್ಲಾಡದೆ ಇದ್ದರೆ ಅದರ ಬಗ್ಗೆ ಮಾತೇ ಇಲ್ಲ. ಎತ್ತಿದರೆ "ಸ್ಲಾಟ್ 0, ಟ್ರ್ಯಾಕಿಂಗ್ ಐಡಿ -1", ಅಂದರೆ ಬಿಲ್ ಕ್ಲೋಸ್. ಇದಕ್ಕೆ ಬಿ ಮಾದರಿ ಪ್ರೋಟೋಕಾಲ್ ಅಂತಾರೆ. ಕರ್ನಲ್‌ಗೆ ಮಲ್ಟಿಟಚ್ ಬಂದದ್ದು 2009ರಲ್ಲಿ, 2.6.30ರಲ್ಲಿ. ಆಗ ಇದ್ದದ್ದು ಎ ಮಾದರಿ: ಪ್ರತಿಸಲ ಎಲ್ಲ ಬಿಂದುಗಳನ್ನೂ ಹೆಸರಿಲ್ಲದೆ ಸುರಿಯೋದು, ಯಾವುದು ಯಾರದ್ದು ಅಂತ ಮೇಲಿನವರು ಊಹಿಸಿಕೊಳ್ಳಬೇಕು. ಟೇಬಲ್ ನಂಬರ್ ಇಲ್ಲದೆ "ಎರಡು ಕಾಫಿ, ಒಂದು ದೋಸೆ" ಅಂತ ಕೂಗಿದ ಹಾಗೆ. 2010ರ 2.6.36ರಲ್ಲಿ ಸ್ಲಾಟ್ ಬಂತು, ಬೆರಳಿಗೆ ಗುರುತು ಸಿಕ್ಕಿತು.

ಆ ಗುರುತು ನಿಮ್ಮ ಪ್ರೋಗ್ರಾಮಿನವರೆಗೂ ಉಳಿಯಬೇಕು. ಮಲ್ಟಿಟಚ್ ಅಂದ್ರೆ ಇಷ್ಟೇ.

ಕರ್ನಲ್ ಮೇಲೆ 'ಲಿಬ್‌ಇನ್‌ಪುಟ್' ಇದೆ. ಅದರ ಪರೀಕ್ಷೆಗೆ 'ಲಿಬ್‌ಇನ್‌ಪುಟ್ ಡೀಬಗ್-ಈವೆಂಟ್ಸ್'. ಟಚ್ ಡೌನ್, ಟಚ್ ಮೋಷನ್, ಟಚ್ ಅಪ್ ಅಂತ ಸಾಲು ಸಾಲಾಗಿ ಬರಬೇಕು. 'ಪಾಯಿಂಟರ್ ಮೋಷನ್' ಅಂತ ಬಂದರೆ ನಿಮ್ಮ ಸಾಧನವನ್ನು ಸಿಸ್ಟಮ್ ಟಚ್‌ಸ್ಕ್ರೀನ್ ಅಂತ ಗುರುತಿಸಿಲ್ಲ ಅಥವಾ ನೀವು ಟಚ್‌ಪ್ಯಾಡ್ ಮುಟ್ಟುತ್ತಿದ್ದೀರಿ. ನಗಬೇಡಿ, ನಮ್ಮಲ್ಲೊಬ್ಬಳು ಹಾಸ್ಟೆಲ್‌ನಲ್ಲಿ ಕೂತು ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಎರಡು ಬೆರಳಿಟ್ಟು ಆಟ ಪರೀಕ್ಷೆ ಮಾಡಿ "ನನಗೂ ಬರ್ತಿಲ್ಲ" ಅಂದಳು. ಬರೋದೇ ಇಲ್ಲ. ಟಚ್‌ಪ್ಯಾಡಿನ ಎರಡು ಬೆರಳನ್ನು ಲಿಬ್‌ಇನ್‌ಪುಟ್ ಅಲ್ಲೇ ಸ್ಕ್ರೋಲ್ ಅಥವಾ ಪಿಂಚ್ ಮಾಡಿ ಮುಂದಕ್ಕೆ ಕಳಿಸುತ್ತೆ, ಬೆರಳುಗಳು ಪ್ರೋಗ್ರಾಮಿಗೆ ತಲುಪಲ್ಲ. ಹೆಸರು ಹತ್ತಿರ ಇದ್ದರೂ ದಾರಿ ಬೇರೆ.

ಆಮೇಲೆ ಡಿಸ್‌ಪ್ಲೇ ಸರ್ವರ್. ಹಳೆಯ ಎಕ್ಸ್ ವಿಂಡೋ ಸಿಸ್ಟಮ್ ಎಂಐಟಿಯಲ್ಲಿ ಹುಟ್ಟಿದ್ದು 1984ರಲ್ಲಿ, ಎಕ್ಸ್11 ಬಂದದ್ದು 1987ರಲ್ಲಿ. ಪರದೆ ಮೇಲೆ ಬಾಣ ಒಂದೇ ಅನ್ನೋದು ಅದರ ರಕ್ತದಲ್ಲೇ ಇತ್ತು. ಮಲ್ಟಿಟಚ್ ಸೇರಿದ್ದು 2012ರ ಮಾರ್ಚ್‌ನಲ್ಲಿ, ಎಕ್ಸ್ಇನ್‌ಪುಟ್ 2.2 ಬಂದಾಗ. ಹಳೆಯ ಪ್ರೋಗ್ರಾಮುಗಳು ಕೆಡಬಾರದಲ್ಲ, ಅದಕ್ಕೆ ಒಂದು ರಾಜಿ: ಯಾವ ಪ್ರೋಗ್ರಾಂ "ನನಗೆ ಟಚ್ ಬೇಕು" ಅಂತ ಬಾಯಿಬಿಟ್ಟು ಕೇಳಲ್ಲವೋ ಅದಕ್ಕೆ ಒಂದು ಬೆರಳನ್ನು ಮಾತ್ರ ಮೌಸ್ ವೇಷ ಹಾಕಿ ಕಳಿಸೋದು. ಮಿಕ್ಕ ಬೆರಳುಗಳಿಗೆ ಎಂಟ್ರಿ ಇಲ್ಲ. ಟಚ್ ಇರೋ ಲ್ಯಾಪ್‌ಟಾಪಲ್ಲಿ ಎಕ್ಸ್11 ಮೇಲೆ ಫೈರ್‌ಫಾಕ್ಸ್ ತೆರೆದು ಬೆರಳು ಎಳೆದರೆ ಪುಟ ಸರಿಯುವ ಬದಲು ಅಕ್ಷರ ಸೆಲೆಕ್ಟ್ ಆಗೋದನ್ನ ನೋಡಿರ್ತೀರಿ, ಅದು ಇದೇ ವೇಷ. 'ಮೋಜ್ ಯೂಸ್ ಎಕ್ಸ್ಇನ್‌ಪುಟ್2' ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ತೆರೆದರೆ ಸರಿಹೋಗುತ್ತೆ. ವೇಲ್ಯಾಂಡ್‌ನಲ್ಲಿ ಈ ಭಾರ ಇಲ್ಲ. ಅದರಲ್ಲಿ ಟಚ್ ಅನ್ನೋದು ಮೌಸ್‌ನಿಂದ ಬೇರೆಯೇ ಜಾತಿ: ಡೌನ್, ಮೋಷನ್, ಅಪ್, ಫ್ರೇಮ್, ಕ್ಯಾನ್ಸಲ್. ಪ್ರತಿ ಡೌನ್‌ಗೂ ಒಂದು ಐಡಿ, ಫ್ರೇಮ್ ಅಂದ್ರೆ ಕರ್ನಲ್‌ನಲ್ಲಿ ನೋಡಿದ ಅದೇ ಪೂರ್ಣವಿರಾಮ. ಕ್ಯಾನ್ಸಲ್ ನೆನಪಿಟ್ಟುಕೊಳ್ಳಿ, ಅದು ಮುಂದೆ ನಮ್ಮನ್ನು ಅಳಿಸುತ್ತೆ.

ನಮ್ಮ ಮಾನಿಟರ್‌ಗೆ ಎರಡು ಕೇಬಲ್: ಎಚ್‌ಡಿಎಂಐನಲ್ಲಿ ಚಿತ್ರ ಹೋಗುತ್ತೆ, ಯುಎಸ್‌ಬಿಯಲ್ಲಿ ಟಚ್ ಬರುತ್ತೆ. ಎರಡೂ ಒಂದೇ ಡಬ್ಬದ್ದು ಅಂತ ಕಂಪ್ಯೂಟರ್‌ಗೆ ಸದಾ ಗೊತ್ತಾಗಲ್ಲ. ಲ್ಯಾಪ್‌ಟಾಪ್ ಪರದೆಯೂ ಆನ್ ಇದ್ದರೆ, ಮಾನಿಟರ್ ಮೇಲೆ ಮೈಸೂರು ಮುಟ್ಟಿದರೆ ಲ್ಯಾಪ್‌ಟಾಪಿನಲ್ಲಿ ಇನ್ನೇನೋ ಒತ್ತಿಹೋಗುತ್ತೆ. ಎಕ್ಸ್11 ಆದರೆ 'ಎಕ್ಸ್ಇನ್‌ಪುಟ್ ಮ್ಯಾಪ್-ಟು-ಔಟ್‌ಪುಟ್' ಕಮ್ಯಾಂಡಿಗೆ ಸಾಧನದ ನಂಬರ್ ಮತ್ತು ಪರದೆಯ ಹೆಸರು ಕೊಟ್ಟರೆ ಮುಗೀತು. ನಾವು ಇನ್ನೂ ಸೋಮಾರಿಗಳು, ಒಂದೇ ಪರದೆಯ ಲ್ಯಾಬ್ ಪಿಸಿ ತಂದಿಟ್ಟೆವು.

ಈಗ ಎಲ್ಲ ಸರಿ, ಆದರೂ ಆಟದಲ್ಲಿ ಒಂದೇ ಬೆರಳು. ಅಂದರೆ ಈಗ ತಪ್ಪು ನಿಜವಾಗಿಯೂ ನಮ್ಮದು. ಸೆಕೆಂಡ್ ಇಯರ್ ಹುಡುಗನ ಕೋಡ್ ಪೂರ್ತಿ ಮೌಸ್ ಪ್ರೆಸ್, ಮೌಸ್ ಮೂವ್ ಮೇಲೆ ನಿಂತಿತ್ತು. ನೀವು ಟಚ್ ಒಪ್ಪಿಕೊಳ್ಳದಿದ್ದರೆ ಕ್ಯೂಟಿಯೂ ಎಕ್ಸ್ ಹಾಗೇ ಮೊದಲ ಬೆರಳಿಗೆ ಮೌಸ್ ವೇಷ ಹಾಕುತ್ತೆ. ವಿಜೆಟ್‌ಗೆ 'ಆಕ್ಸೆಪ್ಟ್ ಟಚ್ ಈವೆಂಟ್ಸ್' ಗುಣ ಹಚ್ಚಿ, 'ಈವೆಂಟ್' ಫಂಕ್ಷನ್ ನಾವೇ ಬರೆದು, ಟಚ್‌ಬಿಗಿನ್ ಬಂದಾಗ ಟ್ರೂ ವಾಪಸ್ ಕೊಡಬೇಕು. ಕೊಡದಿದ್ದರೆ "ಇವನಿಗೆ ಬೇಡವಂತೆ" ಅಂದುಕೊಂಡು ಕ್ಯೂಟಿ ಆ ಸ್ಪರ್ಶದ ಮುಂದಿನ ಸುದ್ದಿಯನ್ನೇ ಕಳಿಸಲ್ಲ.

ಇಷ್ಟು ಮಾಡಿದ ಮೇಲೂ ಎರಡನೇ ಬೆರಳು ಸತ್ತೇ ಇತ್ತು! ಕಾರಣ ಸಿಕ್ಕಿದಾಗ ರಾತ್ರಿ ಒಂದೂವರೆ. ಪ್ರತಿ ಬೆರಳಿಗೂ ಒಂದೊಂದು ಟಚ್‌ಬಿಗಿನ್ ಬರುತ್ತೆ ಅಂತ ನಾವು ಅಂದುಕೊಂಡಿದ್ದೆವು. ಹಾಗಿಲ್ಲ. ವಿಜೆಟ್ ಮೇಲೆ ಮೊದಲ ಬೆರಳು ಬಿದ್ದಾಗ ಮಾತ್ರ ಬಿಗಿನ್. ಎರಡನೆಯದು ಬರೋದು ಟಚ್‌ಅಪ್‌ಡೇಟ್ ಒಳಗೆ, 'ಪ್ರೆಸ್ಡ್' ಅನ್ನೋ ಸ್ಥಿತಿ ಹೊತ್ತುಕೊಂಡು. ಒಂದು ಬೆರಳು ಎತ್ತಿದರೂ ಅಪ್‌ಡೇಟ್ ಒಳಗೇ, 'ರಿಲೀಸ್ಡ್' ಅಂತ. ಎಲ್ಲ ಬೆರಳೂ ಎದ್ದ ಮೇಲಷ್ಟೇ ಟಚ್‌ಎಂಡ್. ಹಾಗಾಗಿ ಈವೆಂಟ್ ಹೆಸರು ನೋಡಬೇಡಿ. ಯಾವ ಈವೆಂಟ್ ಬಂದರೂ ಅದರೊಳಗಿನ ಎಲ್ಲ ಬಿಂದುಗಳನ್ನೂ ಲೂಪ್ ಹಾಕಿ ಒಂದೊಂದರ ಸ್ಥಿತಿ ನೋಡಿ.

ಅದನ್ನು ತಿದ್ದಿದೆವು. ಇಬ್ಬರು ಎರಡು ತುಂಡು ಎಳೆದೆವು, ಎರಡೂ ಬಂದವು, ಕೂಗಾಡಿದೆವು. ನಾನು ಚಾಮರಾಜನಗರ ಕೂರಿಸಿ ಕೈ ತೆಗೆದೆ. ಗೆಳೆಯ ಬೆರಳಲ್ಲಿ ಹಿಡಿದಿದ್ದು ಬೀದರ್. ನಾನು ಕೈ ತೆಗೆದ ಕ್ಷಣ ಕೂರಿಸಿದ್ದ ಚಾಮರಾಜನಗರ ಎದ್ದು ಹಾರಿ ಅವನ ಬೆರಳಿಗೆ ಅಂಟಿಕೊಂಡು, ಬೀದರ್ ಅಲ್ಲೇ ಬಿದ್ದುಹೋಯ್ತು.

ತಪ್ಪು ಏನಂದ್ರೆ, "ಪಟ್ಟಿಯ ಮೊದಲ ಬಿಂದು ಮೊದಲ ತುಂಡಿಗೆ, ಎರಡನೆಯದು ಎರಡನೆಯದಕ್ಕೆ" ಅಂತ ಬರೆದಿದ್ದೆವು. ಮೊದಲ ಬೆರಳು ಎದ್ದ ಮೇಲೆ ಪಟ್ಟಿಯಲ್ಲಿ ಉಳಿದದ್ದು ಒಂದೇ, ಗೆಳೆಯನ ಬೆರಳು. ಅದು ಮುಂದಕ್ಕೆ ಸರಿದು ಮೊದಲ ಸ್ಥಾನಕ್ಕೆ ಬಂತು, ನನ್ನ ತುಂಡು ಅದರ ಪಾಲಾಯ್ತು. ಕರ್ನಲ್ ಕಷ್ಟಪಟ್ಟು ಕೊಟ್ಟ ಗುರುತು ಗಾಜು, ಕರ್ನಲ್, ಲಿಬ್‌ಇನ್‌ಪುಟ್, ವೇಲ್ಯಾಂಡ್, ಕ್ಯೂಟಿ ಎಲ್ಲ ದಾಟಿ ಕ್ಷೇಮವಾಗಿ ಬಂದಿತ್ತು. ಕೊನೆಯ ಮೂರು ಸಾಲಿನಲ್ಲಿ ನಾವೇ ಅದನ್ನು ಬಿಸಾಕಿದ್ದೆವು. ಪಟ್ಟಿಯ ಸ್ಥಾನ ಬಿಟ್ಟು ಬಿಂದುವಿನ ಐಡಿ ಹಿಡೀಬೇಕು. ಒಂದು ಡಿಕ್ಷನರಿ: ಕೀ ಆಗಿ ಐಡಿ, ಬೆಲೆಯಾಗಿ ಹಿಡಿದ ತುಂಡು. 'ಪ್ರೆಸ್ಡ್' ಆದಾಗ ಬೆರಳಿನ ಕೆಳಗೆ ಯಾವ ಜಿಲ್ಲೆ ಇದೆ ನೋಡಿ ಸೇರಿಸು, ಸರಿದಾಗ ಆ ಐಡಿಯ ತುಂಡನ್ನು ಮಾತ್ರ ಸರಿಸು, 'ರಿಲೀಸ್ಡ್' ಆದಾಗ ಅಳಿಸು. ಅಳಿಸೋದು ಮರೀಬೇಡಿ, ಅದೇ ಐಡಿ ಮುಂದೆ ಇನ್ನೊಂದು ಬೆರಳಿಗೆ ಸಿಗಬಹುದು. ಜಿಟಿಕೆ ಬಳಸೋರಿಗೂ ಇದೇ ನಿಯಮ, ಅಲ್ಲಿ ಐಡಿ ಬದಲು 'ಸೀಕ್ವೆನ್ಸ್' ಅಂತಾರೆ. ಬರೀ ಜೂಮ್, ತಿರುಗಿಸೋದು ಸಾಕು ಅಂದ್ರೆ ಇಷ್ಟು ಒದ್ದಾಟವೇ ಬೇಡ: ಜಿಟಿಕೆ 3.14ರಿಂದ, ಅಂದರೆ 2014ರಿಂದ ರೆಡಿಮೇಡ್ ಜೆಸ್ಚರ್‌ಗಳಿವೆ, ಕ್ಯೂಟಿ ಕ್ವಿಕ್‌ನಲ್ಲಿ ಪಿಂಚ್‌ಹ್ಯಾಂಡ್ಲರ್ ಇದೆ.

ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ ಜೂನಿಯರ್‌ಗಳನ್ನು ಕರೆದು ಟ್ರಯಲ್ ನೋಡಿದೆವು. ಮೂರು ನಾಲ್ಕು ಜನ ಒಟ್ಟಿಗೆ ಒಂದೇ ಕಡೆ ತುಂಡು ಎಳೆದದ್ದೇ ತಡ, ಆಟ ಮಾಯವಾಗಿ ಡೆಸ್ಕ್‌ಟಾಪ್ ಕಾಣಿಸಿಕೊಳ್ತು. ತುಂಡುಗಳೆಲ್ಲ ಗಾಳಿಯಲ್ಲಿ ಅಂಟಿಕೊಂಡು ನಿಂತವು. ಗ್ನೋಮ್ ಪಾಲಿಗೆ ಅದು ಒಬ್ಬನೇ ಮನುಷ್ಯನ ಹಲವು ಬೆರಳಿನ ಸ್ವೈಪ್. ಸಿಸ್ಟಮ್ ಜೆಸ್ಚರ್ ಅಂತ ಬೆರಳುಗಳನ್ನು ತಾನೇ ಕಿತ್ತುಕೊಂಡು ನಮ್ಮ ಪ್ರೋಗ್ರಾಮಿಗೆ ಕ್ಯಾನ್ಸಲ್ ಕಳಿಸಿತ್ತು. ನಾವು ಕ್ಯಾನ್ಸಲ್‌ಗೆ ಉತ್ತರವನ್ನೇ ಬರೆದಿರಲಿಲ್ಲ, ಆದ್ದರಿಂದ ಡಿಕ್ಷನರಿಯಲ್ಲಿ ಹಳೇ ಬೆರಳುಗಳು ಹಾಗೇ ಕೂತಿದ್ದವು. ಕ್ಯಾನ್ಸಲ್ ಬಂದರೆ ಎಲ್ಲ ತುಂಡು ಕೆಳಗಿಟ್ಟು ಡಿಕ್ಷನರಿ ಖಾಲಿ ಮಾಡು ಅಂತ ಎರಡು ಸಾಲು ಸೇರಿಸಿದೆವು. ಜೆಸ್ಚರ್ ಕಾಟ ತಪ್ಪಿಸೋಕೆ ಗ್ನೋಮ್ ಬಿಟ್ಟು 'ಕೇಜ್' ಹಾಕಿದೆವು. ಅದೊಂದು ಪುಟ್ಟ ವೇಲ್ಯಾಂಡ್ ಕಾಂಪೋಸಿಟರ್, ಕಿಯೋಸ್ಕ್‌ಗೆಂದೇ ಮಾಡಿದ್ದು, ಒಂದು ಪ್ರೋಗ್ರಾಮನ್ನು ಪೂರ್ತಿ ಪರದೆಗೆ ಹಾಕಿ ಸುಮ್ಮನಿರುತ್ತೆ. ಕಿಯೋಸ್ಕ್ ಪ್ರಾಜೆಕ್ಟ್ ಮಾಡೋರು ಮೊದಲ ದಿನವೇ ಇದನ್ನು ಹಾಕಿಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಮಕ್ಕಳು ಬಂದರು. ಏಳು ಕೈ ಒಟ್ಟಿಗೆ ಬಿದ್ದದ್ದನ್ನು ನಾನೇ ಎಣಿಸಿದೆ, ಆಟ ನಿಲ್ಲಲಿಲ್ಲ. ಒಬ್ಬ ಹುಡುಗ ಮಾತ್ರ ಮೇಜಿನ ಮೇಲೆ ಪೂರ್ತಿ ಬಗ್ಗಿ ಮೊಣಕೈ ಊರಿಬಿಡ್ತಿದ್ದ. ಅವನ ಮೊಣಕೈಯೂ ಒಂದು ಬೆರಳೇ, ಹಾಸನವನ್ನು ಎಳೆದುಕೊಂಡು ಹೋಗ್ತಿತ್ತು.

ಉಳಿದ ಸಮಸ್ಯೆ ಒಂದಿದೆ. ಮುಂದಿನ ಸಲ ತುಂಡುಗಳು ಓರೆಯಾಗಿ ಬರಬೇಕು, ಎರಡು ಬೆರಳಿಟ್ಟು ತಿರುಗಿಸಿ ಕೂರಿಸಬೇಕು ಅಂತ ಆಸೆ. ಲೆಕ್ಕ ಸುಲಭ: ಎರಡು ಬಿಂದುಗಳನ್ನು ಸೇರಿಸುವ ಗೆರೆಯ ಕೋನವನ್ನು ಏಟ್ಯಾನ್2ನಿಂದ ತೆಗೆದು ಹಿಂದಿನ ಕೋನ ಕಳೆದರೆ ತಿರುಗಿದ ಪ್ರಮಾಣ ಸಿಕ್ತು. ಆದರೆ ಒಂದೇ ತುಂಡಿನ ಮೇಲೆ ಎರಡು ಬೆರಳು ಬಿದ್ದರೆ ಅದು ಒಬ್ಬ ತಿರುಗಿಸ್ತಿರೋದಾ, ಇಬ್ಬರು ಕಿತ್ತಾಡ್ತಿರೋದಾ? ಗಾಜಿನಿಂದ ಕ್ಯೂಟಿಯವರೆಗೆ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಬೆರಳು ಗೊತ್ತು, ಮನುಷ್ಯ ಗೊತ್ತಿಲ್ಲ. ಸದ್ಯಕ್ಕೆ ಮೊದಲು ಹಿಡಿದ ಬೆರಳಿಗೇ ತುಂಡು, ಎರಡನೆಯದು ತಿರುಗಿಸಬಹುದು ಆದರೆ ಎಳೆಯೋ ಹಾಗಿಲ್ಲ ಅಂತ ಬರೆದಿದ್ದೇವೆ. ಬೆಳಗಾವಿ ತುಂಡಿನ ಮೇಲೆ ಇನ್ನೂ ಪರೀಕ್ಷೆ ಮಾಡಿಲ್ಲ. ಇದಕ್ಕಿಂತ ಒಳ್ಳೇ ಉಪಾಯ ಇದ್ದೋರು ಶನಿವಾರ ಸಂಘದ ಮೀಟಿಂಗಿಗೆ ಬನ್ನಿ, ಕೋಡ್ ಪೆನ್‌ಡ್ರೈವಲ್ಲಿದೆ.